ಕುತ್ತಿಗೆ ನೋವು, ತಲೆಸುತ್ತು ಎರಡೂ ಬಿಡುತ್ತಿಲ್ಲ: ಎರಡಕ್ಕೂ ಕುತ್ತಿಗೆಯೇ ಕಾರಣವೇ?

ಶರಾವತಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಮನೆ ಡೊಂಬಿವಲಿ ಪೂರ್ವದಲ್ಲಿ, ಕೆಲಸ ಮುಂಬೈನ ಫೋರ್ಟ್‌ನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಕುತ್ತಿಗೆಯ ಹಿಂಭಾಗದಿಂದ ಎಡ ಹೆಗಲಿನವರೆಗೆ ಬಿಗಿದು ಹಿಡಿಯುವ ನೋವು ಹಲವು ವರ್ಷಗಳಿಂದ ಇದೆ. ಅದನ್ನು ಹೇಗೋ ಸಹಿಸಿಕೊಂಡು ಬಂದಿದ್ದೆ. ಆದರೆ ಕಳೆದ ಮಳೆಗಾಲದಿಂದ ಅದರ ಜೊತೆಗೆ ತಲೆಸುತ್ತು ಸೇರಿಕೊಂಡಿದೆ, ಮತ್ತು ಈಗ ನನ್ನನ್ನು ಹೆಚ್ಚು ಕಂಗೆಡಿಸಿರುವುದು ಅದೇ.

ತಲೆಸುತ್ತು ಒಂದೇ ಬಗೆಯದಲ್ಲ. ಹಾಸಿಗೆಯಲ್ಲಿ ಎಡಕ್ಕೆ ಹೊರಳಿದಾಗ, ಅಥವಾ ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ತಲೆಯೆತ್ತಿದಾಗ, ಇಡೀ ಕೋಣೆ ಗಿರ್ರನೆ ತಿರುಗುತ್ತದೆ. ಕಣ್ಣು ಮುಚ್ಚಿ ಅಲುಗಾಡದೆ ಇದ್ದರೆ ಅರ್ಧ ನಿಮಿಷದೊಳಗೆ ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ಏನೂ ತಿರುಗುವುದಿಲ್ಲ. ಆದರೆ ಸಂಜೆ ಸ್ಟೇಷನ್ನಿನ ಗದ್ದಲದಲ್ಲಿ ನಿಂತಾಗ, ಎದುರಿನಿಂದ ಫಾಸ್ಟ್ ಲೋಕಲ್ ಹಾದುಹೋದಾಗ, ಕಾಲಕೆಳಗಿನ ನೆಲ ಗಟ್ಟಿಯಾಗಿಲ್ಲವೆನ್ನಿಸಿ ಕಂಬವನ್ನೋ ಪಕ್ಕದವರ ತೋಳನ್ನೋ ಹಿಡಿಯಬೇಕೆನ್ನಿಸುತ್ತದೆ. ಇದು ಗಂಟೆಗಟ್ಟಲೆ ಇರುತ್ತದೆ.

ಮೂಳೆ ತಜ್ಞರು ಎಕ್ಸ್‌ರೇ, ಬಳಿಕ ಎಂಆರ್‌ಐ ಮಾಡಿಸಿದರು. ಐದು ಮತ್ತು ಆರನೆಯ ಕಶೇರುಗಳ ನಡುವೆ ಅಂತರ ಕಡಿಮೆಯಾಗಿದೆ, ಡಿಸ್ಕ್ ಸ್ವಲ್ಪ ಹೊರಚಾಚಿದೆ ಎಂದು ವರದಿಯಲ್ಲಿದೆ. ‘ಸ್ಪಾಂಡಿಲೋಸಿಸ್, ಅಂದರೆ ಕುತ್ತಿಗೆಯ ಮೂಳೆಗಳ ಸವೆತ, ಅದರಿಂದಲೇ ತಲೆಸುತ್ತು’ ಎಂದು ಹೇಳಿ ಕುತ್ತಿಗೆಗೆ ಪಟ್ಟಿ, ನೋವಿನ ಮಾತ್ರೆ, ತಲೆಸುತ್ತಿನ ಮಾತ್ರೆ ಕೊಟ್ಟರು. ಮಾತ್ರೆ ತಿಂಗಳುಗಳಿಂದ ನಡೆದೇ ಇದೆ. ಬೇಸಿಗೆಯಲ್ಲಿ ಉಡುಪಿಗೆ ಹೋದಾಗ ಆಯುರ್ವೇದದ ಎಣ್ಣೆ ಚಿಕಿತ್ಸೆ ಮಾಡಿಸಿಕೊಂಡೆ. ಕುತ್ತಿಗೆ ಬಹಳ ಹಗುರವಾಯಿತು, ತಲೆಸುತ್ತು ಮಾತ್ರ ಹಾಗೆಯೇ ಉಳಿಯಿತು.

ಎರಡೂ ನಿಜವಾಗಿ ಕುತ್ತಿಗೆಯಿಂದಲೇ ಬರುತ್ತವೆಯೇ? ಮಾತ್ರೆಯನ್ನು ಹೀಗೆಯೇ ಮುಂದುವರಿಸಬಹುದೇ? ಇದೇ ಕಷ್ಟ ಪಟ್ಟವರು ರೈಲಿನ ಓಡಾಟವನ್ನೂ ಕೆಲಸವನ್ನೂ ಹೇಗೆ ನಿಭಾಯಿಸುತ್ತಿದ್ದೀರಿ ಎಂದು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಜ್ವರ ಬಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ. ಇದನ್ನು ಯಾರೂ ಮುಟ್ಟಿ ನೋಡಲಾಗದು. ‘ಮೊಬೈಲ್ ನೋಡುವುದನ್ನು ಬಿಡು, ಸರಿಹೋಗುತ್ತದೆ’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ.

ಸುಮಂಗಲಾ, ಫಿಸಿಯೋಥೆರಪಿಸ್ಟ್, ಪುಣೆ

ಶರಾವತಿ ಅವರೇ, ನಿಮ್ಮನ್ನು ಪರೀಕ್ಷಿಸದೆ ಬರಹದ ಮೇಲಷ್ಟೇ ಯಾರೂ ರೋಗನಿರ್ಣಯ ಮಾಡಬಾರದು. ಆದರೂ ನೀವು ಎರಡು ಬಗೆಯ ತಲೆಸುತ್ತನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ಬರೆದಿರುವುದರಿಂದ, ಮುಂದೆ ಯಾರ ಬಳಿ ಹೋಗಿ ಏನು ಕೇಳಬೇಕು ಎಂಬುದನ್ನು ಹೇಳಬಲ್ಲೆ. ತಲೆಸುತ್ತಿನಲ್ಲಿ ಅರ್ಧ ಉತ್ತರ ಇರುವುದು ‘ಎಷ್ಟು ಹೊತ್ತು, ಯಾವ ಚಲನೆಗೆ’ ಎಂಬ ಎರಡು ಪ್ರಶ್ನೆಗಳಲ್ಲಿ. ಎಂಆರ್‌ಐ ವರದಿಯಲ್ಲಿ ಅದು ಸಿಗುವುದಿಲ್ಲ.

ಮೊದಲ ಬಗೆಯನ್ನು ನೋಡಿ. ಒಂದು ಪಕ್ಕಕ್ಕೆ ಹೊರಳಿದಾಗ ಅಥವಾ ತಲೆಯೆತ್ತಿದಾಗ ಶುರುವಾಗಿ ಒಂದು ನಿಮಿಷದೊಳಗೆ ನಿಲ್ಲುವ ಗಿರಕಿಯ ಮೂಲ ಹೆಚ್ಚಾಗಿ ಒಳಗಿವಿಯಲ್ಲಿರುತ್ತದೆ. ಒಳಗಿವಿಯ ಒಂದು ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ, ಎಷ್ಟೋ ಸಲ ಕಾರಣವೇ ತಿಳಿಯದಂತೆ, ಅವು ಕಳಚಿ ಪಕ್ಕದ ಅರ್ಧವೃತ್ತಾಕಾರದ ನಾಳಕ್ಕೆ, ಬಹುಪಾಲು ಹಿಂಬದಿಯ ನಾಳಕ್ಕೆ, ಸೇರುತ್ತವೆ. ತಲೆ ಹೊರಳಿದಾಗ ಹರಳು ಜಾರುತ್ತದೆ, ಅದರೊಂದಿಗೆ ನಾಳದ ದ್ರವವೂ ಸರಿಯುತ್ತದೆ, ತಲೆ ನಿಂತ ಮೇಲೂ ಅದು ತಿರುಗುತ್ತಲೇ ಇದೆಯೆಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳು ತಳದಲ್ಲಿ ಕುಳಿತೊಡನೆ ಗಿರಕಿಯೂ ನಿಲ್ಲುತ್ತದೆ. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ.

ಇದನ್ನು ಗುರುತಿಸಲು ಯಂತ್ರ ಬೇಡ. 1952ರಲ್ಲಿ ವಿವರಿಸಲಾದ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲಿ ರೋಗಿಯ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಕುಣಿಯುತ್ತದೆಯೇ ಎಂದು ನೋಡುತ್ತಾರೆ. ಕುಣಿದರೆ ಯಾವ ಕಿವಿ, ಯಾವ ನಾಳ ಎಂಬುದೂ ಗೊತ್ತಾಗುತ್ತದೆ. ಚಿಕಿತ್ಸೆಯೂ ತಲೆಯ ಚಲನೆಯೇ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತಲೆಯನ್ನು ಒಂದೊಂದು ಭಂಗಿಯಲ್ಲಿ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದು, ಹರಳನ್ನು ಬಂದ ದಾರಿಯಲ್ಲೇ ವಾಪಸು ಚೀಲಕ್ಕೆ ಕಳಿಸುತ್ತಾರೆ. ನಿಮಗೆ ಕುತ್ತಿಗೆ ನೋವಿರುವುದನ್ನು ಮೊದಲೇ ಹೇಳಿ. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸದೆ, ಮಗ್ಗುಲಾಗಿ ಮಲಗಿಸಿ ಮಾಡುವ ಪರೀಕ್ಷೆಯೂ, ಸೆಮಾಂಟ್ ಎಂಬ ಹೆಸರಿನ ಚಿಕಿತ್ಸೆಯೂ ಇವೆ. ಆದ್ದರಿಂದ ನೀವು ಈಗ ಹೋಗಬೇಕಾದುದು ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ. ‘ನನಗೆ ಈ ಪರೀಕ್ಷೆ ಮಾಡುತ್ತೀರಾ’ ಎಂದು ನೇರವಾಗಿ ಕೇಳಲು ಸಂಕೋಚಪಡಬೇಡಿ.

ಇನ್ನು ಕುತ್ತಿಗೆಯ ಪಾಲು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಗಿವಿ, ಮೈಯ ಸ್ನಾಯು-ಕೀಲುಗಳು ಈ ಮೂರೂ ಕೊಡುವ ಸುದ್ದಿಯನ್ನು ಮಿದುಳು ತಾಳೆ ನೋಡುವುದರಿಂದ. ಕುತ್ತಿಗೆಯ ಸಣ್ಣ ಸ್ನಾಯುಗಳಲ್ಲಿ ತಲೆಯ ಸ್ಥಾನವನ್ನು ಅರಿಯುವ ಸಂವೇದಕಗಳು ದಟ್ಟವಾಗಿವೆ, ಅದರಲ್ಲೂ ತಲೆಬುರುಡೆಗೆ ತಾಗಿದ ಮೇಲಿನ ಮೂರು ಕಶೇರುಗಳ ಸುತ್ತ. ಅಲ್ಲಿ ಬಿಗಿತವಿದ್ದರೆ ತಾಳೆ ತಪ್ಪಿ, ಗಿರಕಿಗಿಂತ ಹೆಚ್ಚಾಗಿ ತೂರಾಡಿದಂಥ ಅಸ್ಥಿರತೆ ಬರಬಹುದು. 1955ರಿಂದಲೇ ವೈದ್ಯಕೀಯ ಬರಹಗಳಲ್ಲಿ ಇದಕ್ಕೊಂದು ಹೆಸರಿದೆ. ಆದರೆ ಇದನ್ನು ಖಚಿತಪಡಿಸುವ ಒಂದು ಪರೀಕ್ಷೆ ಇಂದಿಗೂ ಇಲ್ಲ. ಕಿವಿ, ಮೈಗ್ರೇನ್, ರಕ್ತದೊತ್ತಡ, ರಕ್ತಹೀನತೆ ಮುಂತಾದವನ್ನು ಒಂದೊಂದಾಗಿ ಪಕ್ಕಕ್ಕಿಟ್ಟ ಮೇಲಷ್ಟೇ ಕುತ್ತಿಗೆಯ ಹೆಸರು ಹೇಳಬೇಕು. ನಮ್ಮಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತಿದೆ, ಎಕ್ಸ್‌ರೇಯಲ್ಲಿ ಸವೆತ ಕಂಡರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಬಹುಕಾಲದ ಸಂಕಟ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1211 ಮಂದಿಯ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87.6 ಶೇಕಡ ಜನರಿಗೆ ಡಿಸ್ಕ್ ಹೊರಚಾಚಿದ್ದು ಕಂಡಿತ್ತು. ನಿಮ್ಮ ವರದಿಯಲ್ಲಿರುವುದೂ ಅದೇ. ಎಣ್ಣೆ ಚಿಕಿತ್ಸೆಯಿಂದ ನೋವು ಇಳಿದು ತಲೆಸುತ್ತು ಹಾಗೆಯೇ ಉಳಿಯಿತೆಂದು ಬರೆದಿದ್ದೀರಲ್ಲ, ಅದು ಸಣ್ಣ ಸುಳಿವಲ್ಲ. ವೈದ್ಯರಿಗೆ ತಪ್ಪದೆ ಹೇಳಿ.

ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಪ್ರೋಕ್ಲೋರ್‌ಪೆರಜಿನ್, ಸಿನ್ನಾರಿಜಿನ್ ಇಂಥವು ತೀವ್ರ ಗಿರಕಿಯ ಕೆಲವು ದಿನಗಳಿಗೆ ಉಪಯುಕ್ತ. ತಿಂಗಳುಗಟ್ಟಲೆ ತೆಗೆದುಕೊಂಡರೆ, ತನ್ನನ್ನು ತಾನೇ ಹೊಂದಿಸಿಕೊಳ್ಳುವ ಮಿದುಳಿನ ಕೆಲಸ ನಿಧಾನವಾಗುತ್ತದೆ, ಹಿರಿಯರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನಡುಕ, ಬಿಗಿತ ಬರುವುದೂ ಉಂಟು. ಬೀಟಾಹಿಸ್ಟಿನ್ ಆ ಗುಂಪಿನದಲ್ಲ, ಆದರೆ ಅದೂ ಹರಳನ್ನು ಸರಿಸುವುದಿಲ್ಲ. ನೀವಾಗಿಯೇ ನಿಲ್ಲಿಸಬೇಡಿ, ಚೀಟಿಯನ್ನು ಹಿಡಿದುಕೊಂಡು ಹೋಗಿ ಇನ್ನೂ ಬೇಕೇ ಎಂದು ಕೇಳಿ. ಕುತ್ತಿಗೆಯ ಪಟ್ಟಿಯನ್ನೂ ದಿನವಿಡೀ ಧರಿಸಿದರೆ ಸ್ನಾಯುಗಳು ಸೊರಗುತ್ತವೆ.

ಮಾತು ತೊದಲುವುದು, ಎರಡೆರಡು ಕಾಣುವುದು, ಮುಖವೋ ಕೈಕಾಲೋ ಸೋಲುವುದು, ನಿಲ್ಲಲೇ ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕುತ್ತಿಗೆ ನೋವು, ಒಂದು ಕಿವಿ ಥಟ್ಟನೆ ಕೇಳಿಸದಾಗುವುದು, ಇವುಗಳಲ್ಲಿ ಯಾವುದು ತಲೆಸುತ್ತಿನ ಜೊತೆ ಬಂದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಬ್ಲೌಸಿನ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ಬಿಗಿಯಾಗುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಆಗ ವ್ಯಾಯಾಮ, ಮಾಲೀಸು ಯಾವುದೂ ಬೇಡ, ತಜ್ಞರನ್ನೇ ಕಾಣಬೇಕು.

ಅನಂತ, ಮುಲುಂಡ್

ಸುಮಂಗಲಾ ಅವರು ಮೊದಲ ಬಗೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಾನು ಎರಡನೆಯದರ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದು ನನ್ನ ಬದುಕಿನ ಭಾಗವಾಗಿ ಹಲವು ವರ್ಷಗಳಾದವು.

ನನಗೆ ಶುರುವಾದದ್ದು ಒಳಗಿವಿಯ ನರದ ಉರಿಯೂತದಿಂದ. ಆ ತೀವ್ರ ಗಿರಕಿ ಕೆಲವು ದಿನಗಳಲ್ಲಿ ಇಳಿಯಿತು. ಆದರೆ ದೋಣಿಯಲ್ಲಿ ನಿಂತಂಥ ತೂಗಾಟ ಉಳಿದುಬಿಟ್ಟಿತು. ಜನ ತುಂಬಿದ ಸ್ಟೇಷನ್ ಸೇತುವೆ, ಮಾಲ್‌ನಲ್ಲಿ ಸಾಲುಸಾಲಾಗಿ ಜೋಡಿಸಿದ ಸಾಮಾನು, ಪಟ್ಟೆಪಟ್ಟೆಯ ನೆಲಹಾಸು ಕಂಡರೆ ಹೆಚ್ಚಾಗುತ್ತಿತ್ತು, ಮಲಗಿದರೆ ಕಡಿಮೆಯಾಗುತ್ತಿತ್ತು. ನರರೋಗ ತಜ್ಞರು ಇದನ್ನು ಪಿಪಿಪಿಡಿ ಎಂದು ಗುರುತಿಸಿದರು. ಮೂರು ತಿಂಗಳಿಗೂ ಮೀರಿ ಬಹುತೇಕ ದಿನಗಳಲ್ಲಿ ಇರುವ, ನಿಂತಾಗ, ನಡೆದಾಗ, ಕಣ್ಣೆದುರು ಬಹಳ ಚಲನೆಯಿದ್ದಾಗ ಹೆಚ್ಚುವ ಅಸ್ಥಿರತೆ ಇದು. ಸಮತೋಲನದ ಕಾಯಿಲೆಗಳನ್ನು ಅಧ್ಯಯನ ಮಾಡುವ ಬಾರಾನಿ ಸೊಸೈಟಿ 2017ರಲ್ಲಿ ಇದರ ಲಕ್ಷಣಗಳನ್ನು ನಿಗದಿಪಡಿಸಿತು. ಒಳಗಿವಿಯ ಸಂಶೋಧನೆಗೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ಅವರ ಹೆಸರಿನ ಸಂಸ್ಥೆ ಅದು. ನನ್ನ ಪಾಲಿಗೆ ಇದು ಬರೀ ಮಾಹಿತಿಯಲ್ಲ. ಕಾಯಿಲೆಗೆ ಹೆಸರಿದೆ, ಲಕ್ಷಣಪಟ್ಟಿಯಿದೆ ಎಂದು ತಿಳಿದ ದಿನ ನನ್ನ ಹೆಂಡತಿ ಆ ಕಾಗದವನ್ನು ಓದಿ, ‘ಇಷ್ಟು ದಿನ ನೀವು ಹೇಳುತ್ತಿದ್ದುದೆಲ್ಲ ಇದರಲ್ಲಿದೆಯಲ್ಲ’ ಎಂದಳು. ಮನೆಯಲ್ಲಿ ಆ ಕುರಿತ ವಾದ ಅಂದಿಗೆ ನಿಂತಿತು.

ಶರಾವತಿ ಅವರು ಗಮನಿಸಬೇಕಾದ ಒಂದು ಸಂಗತಿಯಿದೆ. ಕುತ್ತಿಗೆಯಿಂದ ತಲೆಸುತ್ತು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ತಲೆಸುತ್ತಿನಿಂದ ಕುತ್ತಿಗೆ ನೋವು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ತಲೆ ಅಲುಗಿದರೆ ಸುತ್ತು ಬರುತ್ತದೆಂಬ ಭಯದಲ್ಲಿ ನಾನು ಕುತ್ತಿಗೆಯನ್ನು ಬಿಗಿಹಿಡಿದು, ಹಿಂದೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಹೆಗಲು ಕಲ್ಲಿನಂತಾಗಿರುತ್ತಿತ್ತು. ನನಗೆ ಹಿಡಿಸಿದ ಚಿಕಿತ್ಸೆಯೆಂದರೆ ಸಮತೋಲನದ ಫಿಸಿಯೋಥೆರಪಿ. ಹೆಬ್ಬೆರಳಿನ ಉಗುರಿನ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಆಚೀಚೆ ತಿರುಗಿಸುವುದು, ನಡೆಯುತ್ತ ಪಕ್ಕಕ್ಕೆ ನೋಡುವುದು, ಮೊದಲು ಖಾಲಿ ಹೊತ್ತಿನಲ್ಲಿ, ಬಳಿಕ ಸ್ವಲ್ಪ ಜನವಿರುವ ಹೊತ್ತಿನಲ್ಲಿ ಸ್ಟೇಷನ್ ಸೇತುವೆ ದಾಟುವುದು. ಆರಂಭದಲ್ಲಿ ಸುತ್ತು ತುಸು ಹೆಚ್ಚುತ್ತದೆ, ಅದಕ್ಕೆ ಹೆದರಿ ಬಿಡಬಾರದು. ಜೊತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅದು ಖಿನ್ನತೆಗೂ ಕೊಡುವ ಔಷಧವಾದ್ದರಿಂದ ಬಂಧುಗಳು ಮನಸ್ಸಿನ ಕಾಯಿಲೆಯೆಂದು ತಿಳಿದರು. ತಿಳಿದುಕೊಳ್ಳಲಿ. ನನಗೆ ಬೇಕಾಗಿದ್ದುದು ನೆಟ್ಟಗೆ ನಡೆಯುವುದು.

ಖಾಸಗಿ ಖರ್ಚು ಭಾರವೆನಿಸುವವರು ಪರೇಲ್‌ನ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳನ್ನು ನೆನಪಿಡಿ. ಕಿವಿ-ಮೂಗು-ಗಂಟಲು, ನರರೋಗ, ಫಿಸಿಯೋಥೆರಪಿ ಮೂರೂ ಒಂದೇ ಕಡೆ ಸಿಗುತ್ತವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಸಾಲು ದೊಡ್ಡದಿರುತ್ತದೆ, ಜೊತೆಗೆ ಒಬ್ಬರಿದ್ದರೆ ಒಳ್ಳೆಯದು.

ರಾಘವೇಂದ್ರ, ಗೋರೆಗಾಂವ್

ಒಂದು ಸಣ್ಣ ಸೇರ್ಪಡೆ. ನನಗೆ 71 ವರ್ಷ. ಹಾಸಿಗೆಯಿಂದ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ತೂರಾಡುವುದನ್ನು ನಾವೂ ಸ್ಪಾಂಡಿಲೋಸಿಸ್ ಎಂದೇ ಭಾವಿಸಿದ್ದೆವು. ಹೊಸ ವೈದ್ಯರು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ನೋಡಿದರು. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು. ಬಿಪಿ ಮಾತ್ರೆಯ ಪ್ರಮಾಣವನ್ನು ಅವರು ಬದಲಿಸಿದ ಮೇಲೆ ತೊಂದರೆ ಬಹುಮಟ್ಟಿಗೆ ತಗ್ಗಿತು. ಹೊರಳಿದಾಗ ಬರುವುದು ಬೇರೆ, ಎದ್ದು ನಿಂತಾಗ ಮಾತ್ರ ಬರುವುದು ಬೇರೆ. ಬಿಪಿ, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಇವುಗಳಿಗೆ ಔಷಧ ತೆಗೆದುಕೊಳ್ಳುವವರು ನಿಂತು ಬಿಪಿ ನೋಡಿಸಿಕೊಳ್ಳಲೇಬೇಕು. ಹಿಮೋಗ್ಲೋಬಿನ್, ಬಿ12 ಕೂಡ ಒಮ್ಮೆ ಪರೀಕ್ಷಿಸಿಕೊಳ್ಳಿ, ತಂಗಿ.

ಲಲಿತಾ, ವಾಸ್ಕೋ

ಈ ಚರ್ಚೆಯನ್ನು ಓದುವ ಗಂಡಸರಿಗೆ ಒಂದು ವಿನಂತಿ. ಕುತ್ತಿಗೆ ಹಿಡಿದಿದೆಯೆಂದು ಸಲೂನಿನಲ್ಲಿ ಮಾಲೀಸು ಮಾಡಿಸಿಕೊಂಡು, ಕೊನೆಗೆ ತಲೆಯನ್ನು ಎರಡೂ ಕಡೆ ಝಾಡಿಸಿ ಲಟಿಕೆ ತೆಗೆಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಅದನ್ನು ಬಿಡಿ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಕಶೇರುಗಳ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಥಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗುವ ಸಾಧ್ಯತೆಯಿದೆ. ಅಪರೂಪ ನಿಜ, ಆದರೆ ನಾನು ಕೆಲಸ ಮಾಡುವ ವಾರ್ಡಿನಲ್ಲಿ ಚಿಕ್ಕ ವಯಸ್ಸಿನವರೊಬ್ಬರನ್ನು ಆ ಸ್ಥಿತಿಯಲ್ಲಿ ಕಂಡ ಮೇಲೆ ಅಪರೂಪವೆಂದು ಸುಮ್ಮನಿರಲು ನನ್ನಿಂದಾಗುವುದಿಲ್ಲ. ಬ್ಯೂಟಿ ಪಾರ್ಲರಿನ ಬೇಸಿನ್ನಿಗೆ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ತಲೆ ತೊಳೆಸಿಕೊಳ್ಳುವ ಹೆಂಗಸರೂ ಕುತ್ತಿಗೆಯಡಿ ಟವೆಲ್ ಮಡಿಸಿ ಇಡಿಸಿಕೊಳ್ಳಿ. ಕುತ್ತಿಗೆ ನೋವಿರುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳನ್ನು ಮಾಡಬಾರದು.

ಶರಾವತಿ, ಡೊಂಬಿವಲಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡೆ. ಎಡಕ್ಕೆ ಮಲಗಿಸಿದಾಗ ಕಣ್ಣುಗುಡ್ಡೆ ಕುಣಿಯಿತು. ಮಗ್ಗುಲಾಗಿ ಮಲಗಿಸುವ ಕ್ರಮದಲ್ಲಿಯೇ ಚಿಕಿತ್ಸೆ ಮಾಡಿದರು, ಮುಂದಿನ ವಾರ ಮತ್ತೊಮ್ಮೆ ಮಾಡಿದರು. ಹಾಸಿಗೆಯ ಗಿರಕಿ ನಿಂತಿದೆ, ಈಗ ಎಡಕ್ಕೆ ಹೊರಳಿ ಮಲಗುತ್ತಿದ್ದೇನೆ. ತಲೆಸುತ್ತಿನ ಮಾತ್ರೆಯನ್ನು ಕ್ರಮೇಣ ನಿಲ್ಲಿಸಲು ಹೇಳಿದ್ದಾರೆ. ಸ್ಟೇಷನ್ನಿನ ಅಸ್ಥಿರತೆ ಮತ್ತು ಕುತ್ತಿಗೆ ನೋವು ಹಾಗೆಯೇ ಇವೆ. ಅನಂತ ಅವರು ಹೇಳಿದ ಸಮತೋಲನದ ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಕೆಲಸ ಬಿಡುವ ಯೋಚನೆಯಿತ್ತು, ಸದ್ಯಕ್ಕೆ ಬಿಡುವುದಿಲ್ಲ. ರೈಲಿನಲ್ಲಿ ಮತ್ತು ಮೇಜಿನ ಮುಂದೆ ಏನು ಮಾಡಬೇಕು ಎಂಬುದನ್ನು ಸುಮಂಗಲಾ ಅವರು ತಿಳಿಸುವಿರಾ? ಹರಳು ಮತ್ತೆ ಕಳಚಬಹುದೇ?

ಸುಮಂಗಲಾ, ಫಿಸಿಯೋಥೆರಪಿಸ್ಟ್, ಪುಣೆ

ಬಹಳ ಸಂತೋಷವಾಯಿತು, ಶರಾವತಿ ಅವರೇ.

ಮೇಜಿನ ವಿಷಯ ಮೊದಲು. ತಲೆ ಸುಮಾರು ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ, ಅದು ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳ ಮೇಲಿನ ಹೊರೆ ಹೆಚ್ಚುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ಲೆಕ್ಕದ ಕಾಗದಗಳು ಮೇಜಿನ ಮೇಲೆ ಮಲಗಿರದೆ ಓರೆಯಾದ ಹಲಗೆಯ ಮೇಲೆ ಪರದೆಯ ಪಕ್ಕದಲ್ಲೇ ನಿಲ್ಲಲಿ. ದಿನವಿಡೀ ಕಾಗದಕ್ಕೂ ಪರದೆಗೂ ತಲೆ ಏರಿಳಿಯುವುದು ಲೆಕ್ಕಪತ್ರದವರ ಕುತ್ತಿಗೆಗೆ ಬಹಳ ಕೆಟ್ಟದ್ದು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಬೇಡಿ. ಎಷ್ಟು ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಅದರಲ್ಲೇ ಇದ್ದರೆ ನೋಯುತ್ತದೆ, ಆದ್ದರಿಂದ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಗದ್ದವನ್ನು ಮೆಲ್ಲನೆ ಹಿಂದಕ್ಕೆ ಎಳೆದು ಕೆಲವು ಸೆಕೆಂಡು ಹಿಡಿಯುವುದು, ಬೆನ್ನಿನ ಎರಡೂ ರೆಕ್ಕೆಮೂಳೆಗಳನ್ನು ಹತ್ತಿರ ತರುವುದು, ಇವೆರಡನ್ನು ಕುರ್ಚಿಯಲ್ಲೇ ಮಾಡಬಹುದು. ತಲೆಯನ್ನು ಗಿರಗಿರನೆ ವೃತ್ತಾಕಾರವಾಗಿ ತಿರುಗಿಸುವ ವ್ಯಾಯಾಮ ನಿಮಗೆ ಬೇಡ. ದಿಂಬು ಒಂದೇ ಇರಲಿ. ಮಗ್ಗುಲಾಗಿ ಮಲಗಿದಾಗ ಕಿವಿಗೂ ಭುಜದಂಚಿಗೂ ನಡುವಿನ ಜಾಗ ತುಂಬುವಷ್ಟು ದಪ್ಪವಿದ್ದರೆ ಸಾಕು.

ರೈಲಿನಲ್ಲಿ, ಸಾಧ್ಯವಾದರೆ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿಯಿರಿ. ಹೊತ್ತು ಹೆಚ್ಚಾದರೂ ಕೂರಲು ಸಿಗುವ ಸಾಧ್ಯತೆಯಿದೆ. ರೈಲು ಸಾಗುವ ದಿಕ್ಕಿಗೆ ಮುಖವಿರುವ ಆಸನ ಮೇಲು. ಕಿಟಕಿಯಾಚೆ ನೋಡುವುದಾದರೆ ಓಡುವ ಹಳಿಗಳನ್ನಲ್ಲ, ದೂರದ ಕಟ್ಟಡವನ್ನೋ ಗುಡ್ಡವನ್ನೋ ನೋಡಿ. ಲೇಡೀಸ್ ಡಬ್ಬದಲ್ಲಿ ತೊಡೆಯ ಮೇಲೆ ಸೊಪ್ಪು ಬಿಡಿಸುತ್ತ, ಮೊಬೈಲಿಗೆ ಬಾಗುತ್ತ ಒಂದೂ ಕಾಲು ಗಂಟೆ ಕಳೆದರೆ ಕುತ್ತಿಗೆ ಬಿಗಿಯುತ್ತದೆ, ಚಲಿಸುವ ಗಾಡಿಯಲ್ಲಿ ಓದುವುದರಿಂದ ಅಸ್ಥಿರತೆಯೂ ಹೆಚ್ಚುತ್ತದೆ. ನಿಲ್ಲಬೇಕಾದಾಗ ತಲೆಯ ಮೇಲಿನ ಹಿಡಿಗೆ ನೇತುಬೀಳದೆ, ಎದೆಯ ಮಟ್ಟದ ಕಂಬವನ್ನು ಹಿಡಿದು, ಪಾದಗಳನ್ನು ತುಸು ಅಗಲಿಸಿ ನಿಲ್ಲಿ. ಬಾಗಿಲ ಬಳಿ ಮಾತ್ರ ಎಂದಿಗೂ ನಿಲ್ಲಬೇಡಿ. ಚೀಲದ ಭಾರ ಒಂದೇ ಹೆಗಲಿಗೆ ಬೀಳದಿರಲಿ. ಎಡ ಹೆಗಲು ನೋಯುತ್ತದೆ ಎಂದಿದ್ದೀರಿ, ಚೀಲ ಯಾವ ಹೆಗಲಲ್ಲಿರುತ್ತದೆ ಎಂದು ಗಮನಿಸಿ.

ಹರಳು ಮತ್ತೆ ಕಳಚಬಹುದು, ಕೆಲವರಿಗೆ ವರ್ಷಗಳ ಬಳಿಕವೂ ಮರುಕಳಿಸುತ್ತದೆ. ವಿಟಮಿನ್ ಡಿ ಕಡಿಮೆಯಿರುವವರಿಗೆ ಅದನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟಾಗ ಮರುಕಳಿಕೆ ತಗ್ಗಿತೆಂದು ದಕ್ಷಿಣ ಕೊರಿಯಾದ 2020ರ ಅಧ್ಯಯನವೊಂದು ತೋರಿಸಿದೆ. ಬೆಳಗಿನಿಂದ ಸಂಜೆಯವರೆಗೆ ಕಚೇರಿಯೊಳಗಿರುವ ನೀವು ಅದನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮತ್ತೆ ಗಿರಕಿ ಬಂದರೆ ಹಳೆಯ ಮಾತ್ರೆಯನ್ನು ಹುಡುಕಬೇಡಿ. ಯಾವ ಪಕ್ಕಕ್ಕೆ ಹೊರಳಿದಾಗ ಬಂತು, ಎಷ್ಟು ಹೊತ್ತಿತ್ತು ಎಂದು ಬರೆದಿಟ್ಟುಕೊಂಡು ಅದೇ ವೈದ್ಯರ ಬಳಿಗೆ ಹೋಗಿ. ಈ ಸಲ ಎಡವಾಗಿದ್ದರೂ ಮುಂದಿನ ಸಲ ಬಲಗಿವಿಯೇ ಆಗಿರಬಹುದು, ಹಾಗಾಗಿ ಪರೀಕ್ಷೆಯನ್ನು ಮತ್ತೆ ಎರಡೂ ಕಡೆ ಮಾಡಬೇಕಾಗುತ್ತದೆ.